ಶೆಲ್ಟರ್ ಹತ್ತಿದ್ರೂ ಪಟ್ಟಿ ಒಂದೇ ಇರಲಿ

ಬೆಂಗಳೂರಿನಲ್ಲಿ ಯಾರಾದ್ರೂ ಮನೆ ಖಾಲಿ ಮಾಡ್ತಿದ್ದಾರೆ ಅಂದ್ರೆ ಹಳೇ ಸೋಫಾ, ವಾಷಿಂಗ್ ಮಷೀನ್ ಫೋಟೋಗಳ ಜೊತೆ ಕೆಲವೊಮ್ಮೆ ಒಂದು ನಾಯಿಯ ಫೋಟೋನೂ ವಾಟ್ಸಾಪ್‌ಗೆ ಬರುತ್ತೆ. "ಮೂರು ವರ್ಷದ ಲ್ಯಾಬ್ರಡಾರ್, ತುಂಬಾ ಸಾಧು. ನಾವು ಊರು ಬಿಡ್ತಿದ್ದೀವಿ, ಯಾರಾದ್ರೂ ಸಾಕ್ಕೊಳ್ಳಿ." ಆ ನಾಯಿಗೆ ಮನೆ ಸಿಕ್ಕ ಮೇಲೂ ಫೋಟೋ ಗ್ರೂಪಿಂದ ಗ್ರೂಪಿಗೆ ಓಡಾಡ್ತಾನೇ ಇರುತ್ತೆ. ಅಂಥದ್ದೇ ನಾಯಿಗಾಗಿ ಕಾಯ್ತಿರೋ ಇನ್ನೊಂದು ಮನೆಯವರಿಗೆ ಮಾತ್ರ ಸುದ್ದಿಯೇ ತಲುಪಿರಲ್ಲ.

ನಮ್ಮೂರಲ್ಲಿ ಪ್ರಾಣಿಪ್ರಿಯರಿಗೇನೂ ಬರವಿಲ್ಲ. 1991ರಲ್ಲಿ ಶುರುವಾದ ಕ್ಯೂಪಾದಿಂದ ಹಿಡಿದು ಬೀದಿಗೊಂದರಂತಿರುವ ಸಣ್ಣ ತಂಡಗಳವರೆಗೆ ಎಷ್ಟೋ ಜನ ದುಡಿಯುತ್ತಿದ್ದಾರೆ. ಆದರೆ ಒಬ್ಬೊಬ್ಬರದ್ದೂ ಒಂದೊಂದು ಪಟ್ಟಿ. ಸಾಫ್ಟ್‌ವೇರ್ ಕೆಲಸ ಮಾಡೋ ನಮಗೆ ಇದು ಚೆನ್ನಾಗಿ ಗೊತ್ತು: ಒಂದೇ ಮಾಹಿತಿ ಹತ್ತು ಕಡೆ ಇದ್ದರೆ ಯಾವುದು ಸರಿ ಅಂತ ಯಾರಿಗೂ ಗೊತ್ತಾಗಲ್ಲ.

"ಜಾಗ ಇಲ್ಲ" ಅಂತ ಶೆಲ್ಟರಿನವರು ಹೇಳಿದಾಗ ನಮಗೆ ಸಿಟ್ಟು ಬರುತ್ತೆ. ಆದರೆ ಕಿಕ್ಕಿರಿದ ಶೆಲ್ಟರಿಗೆ ಪಾರ್ವೋ ಬಂದರೆ ಮರಿಗಳು ಒಂದರ ಹಿಂದೊಂದು ಸಾಯುತ್ತವೆ. ಹೊಸದಾಗಿ ಬಂದ ನಾಯಿಯನ್ನು ಸುಮಾರು ಎರಡು ವಾರ ಬೇರೆಯಾಗಿಯೇ ಇಡಬೇಕು. ಒಬ್ಬರ ಹತ್ತಿರ ವ್ಯಾನ್ ಇದೆ, ಒಬ್ಬರ ಹತ್ತಿರ ಆಪರೇಷನ್ ಥಿಯೇಟರ್ ಇದೆ, ಇನ್ನೊಬ್ಬರಿಗೆ ತಾತ್ಕಾಲಿಕವಾಗಿ ಸಾಕೋ ಮನೆಗಳ ಪರಿಚಯ ಇದೆ. ಇವರೆಲ್ಲ ಸೇರಿ ಒಂದೇ ಒಂದು ಶೀಟ್ ಇಟ್ಟರೆ ಸಾಕು. ಯಾವ ನಾಯಿ, ಲಸಿಕೆ ಆಗಿದೆಯಾ, ಎಲ್ಲಿ ಜಾಗ ಖಾಲಿ ಇದೆ, ಯಾರು ಕಾಯ್ತಿದ್ದಾರೆ ಅನ್ನೋದು ಅದರಲ್ಲಿರಲಿ. ಮನೆ ಸಿಕ್ಕ ದಿನವೇ ಆ ಸಾಲು ಅಳಿಸಲಿ. ಹೊಸ ಕಟ್ಟಡ ಕಟ್ಟೋದಕ್ಕಿಂತ ಇದು ಎಷ್ಟೋ ಅಗ್ಗ.

ಕೂಡಿ ಮಾಡಿದ ಕೆಲಸದ ಫಲ ಬೀದಿನಾಯಿಗಳ ವಿಷಯದಲ್ಲಿ ಕಂಡಿದೆ. ಬಿಬಿಎಂಪಿ ಗಣತಿಯ ಪ್ರಕಾರ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳು 2023ಕ್ಕೆ ಸುಮಾರು 2.79 ಲಕ್ಷಕ್ಕೆ ಇಳಿದವು. ಪಾಲಿಕೆ ಮತ್ತು ಸಂಸ್ಥೆಗಳು ಜೊತೆಯಾಗಿ ನಡೆಸಿದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇದರಲ್ಲಿ ದೊಡ್ಡ ಪಾಲಿದೆ. ಹೆಣ್ಣುನಾಯಿ ಗಬ್ಬ ಧರಿಸಿದ ಸುಮಾರು 63 ದಿನಕ್ಕೆ ಮರಿ ಹಾಕುತ್ತೆ. ಒಂದು ಬಡಾವಣೆಯಲ್ಲಿ ಕೆಲಸ ಮುಗಿಸಿ ಪಕ್ಕದ್ದನ್ನು ಬಿಟ್ಟರೆ ಲೆಕ್ಕ ಮತ್ತೆ ಮೊದಲಿಗೇ ಬರುತ್ತೆ. ಹಾಗಾಗಿ ಯಾರು ಯಾವ ಬಡಾವಣೆ ನೋಡ್ಕೋತಾರೆ ಅನ್ನೋದನ್ನೂ ತಂಡಗಳು ಮೊದಲೇ ಮಾತಾಡಿಕೊಳ್ಳಬೇಕು.

ಇದರಲ್ಲಿ ನಮ್ಮ ಪಾಲೂ ಇದೆ. ನಾಯಿ ಬೇಕೆಂದರೆ ಅಂಗಡಿಗೆ ಹೋಗೋ ಮೊದಲು ಶೆಲ್ಟರಿನಲ್ಲಿ ಕೇಳಿ. ಸಾಕೋಕೆ ಆಗದಿದ್ದರೂ ಎರಡು ವಾರ ಒಂದು ಮರಿಗೆ ಮನೆಯಲ್ಲಿ ಜಾಗ ಕೊಡಬಹುದು. ಊರು ಬಿಡಲೇಬೇಕಾದ ಸಂದರ್ಭ ಬಂದರೆ ಲಾರಿ ಬಾಗಿಲಿಗೆ ಬಂದು ನಿಂತ ಮೇಲಲ್ಲ, ಎರಡು ತಿಂಗಳು ಮುಂಚೆಯೇ ಶೆಲ್ಟರಿನವರಿಗೆ ತಿಳಿಸಿ. ಅಷ್ಟು ದಿನ ಸಿಕ್ಕಿದ್ರೆ ಆ ನಾಯಿ ಬೀದಿಗೆ ಬೀಳದೆ ನೇರವಾಗಿ ಇನ್ನೊಂದು ಮನೆ ಸೇರೋಕೆ ದಾರಿ ಇರುತ್ತೆ.