ಅಮ್ಮ ಒಬ್ಬರೇ ವಿಮಾನದಲ್ಲಿ ಹೊರಟಿದ್ದಾರಾ? ವೀಲ್‌ಚೇರ್ ಕೇಳುವ ಮುನ್ನ ಇದನ್ನು ತಿಳಿದಿರಿ

"ಅಮ್ಮ ಒಬ್ಬರೇ ಅಮೆರಿಕಕ್ಕೆ ಹೊರಟಿದ್ದಾರಾ? ಟಿಕೆಟ್‌ಗೆ ವೀಲ್‌ಚೇರ್ ಹಾಕಿಸಿಬಿಡಿ. ಕ್ಯೂನಲ್ಲಿ ನಿಲ್ಲೋದು ಬೇಡ, ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ." ಇಂಥ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇದು ಅರ್ಧ ಮಾತ್ರ ಸರಿ.

2024ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಮುಂಬೈಗೆ ಬಂದಿಳಿದ ವೃದ್ಧ ದಂಪತಿಗೆ ಸಿಕ್ಕಿದ್ದು ಒಂದೇ ವೀಲ್‌ಚೇರ್. ಪತ್ನಿಯನ್ನು ಕೂರಿಸಿ, 80 ವರ್ಷದ ಪತಿ ನಡೆದೇ ಹೊರಟರು. ಇಮಿಗ್ರೇಷನ್ ಬಳಿ ಕುಸಿದು ಬಿದ್ದ ಅವರು ಬದುಕುಳಿಯಲಿಲ್ಲ. ಬೇಡಿಕೆ ಹೆಚ್ಚಿದ್ದರಿಂದ ಸ್ವಲ್ಪ ಕಾಯಲು ಹೇಳಿದ್ದೆವು ಎಂದು ಏರ್ ಇಂಡಿಯಾ ತಿಳಿಸಿತು. ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು.

ಅಂದರೆ ಗಾಲಿಕುರ್ಚಿಗಳೂ ಅವನ್ನು ತಳ್ಳುವ ಸಿಬ್ಬಂದಿಯೂ ಎಣಿಕೆಯಷ್ಟೇ ಇರುತ್ತಾರೆ. ನಡೆಯಬಲ್ಲವರು ಕ್ಯೂ ತಪ್ಪಿಸಲು ಕುಳಿತರೆ, ನಡೆಯಲಾಗದವರು ಕಾಯಬೇಕಾಗುತ್ತದೆ.

ಯಾವಾಗ ಹೇಳಬೇಕು?
ಟಿಕೆಟ್ ಬುಕ್ ಮಾಡುವಾಗಲೇ ಹೇಳಿ. ತಡವಾದರೂ ಪ್ರಯಾಣಕ್ಕೆ 48 ಗಂಟೆ ಮುಂಚೆ ತಿಳಿಸಿ. ಎರಡು ಸಂಸ್ಥೆಗಳ ಪ್ರತ್ಯೇಕ ಟಿಕೆಟ್ ಇದ್ದರೆ ಇಬ್ಬರಿಗೂ ತಿಳಿಸಬೇಕು.

ಏನೆಂದು ಹೇಳಬೇಕು?
"ವೀಲ್‌ಚೇರ್ ಬೇಕು" ಎಂದರೆ ಸಾಲದು. ವಿಮಾನ ಸಂಸ್ಥೆಗಳು ಮೂರು ಸಂಕೇತ ಬಳಸುತ್ತವೆ:
• ಡಬ್ಲ್ಯುಸಿಎಚ್‌ಆರ್: ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು.
• ಡಬ್ಲ್ಯುಸಿಎಚ್‌ಎಸ್: ಮೆಟ್ಟಿಲು ಹತ್ತಲಾರರು, ವಿಮಾನದೊಳಗೆ ನಡೆಯಬಲ್ಲರು.
• ಡಬ್ಲ್ಯುಸಿಎಚ್‌ಸಿ: ಸೀಟಿನವರೆಗೂ ನೆರವು ಬೇಕು.
ವಿಮಾನ ದೂರದಲ್ಲಿ ನಿಂತು, ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಹತ್ತಬೇಕಾದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ತಪ್ಪು ಸಂಕೇತವಿದ್ದರೆ ಮಂಡಿನೋವಿನ ಅಮ್ಮ ಮೆಟ್ಟಿಲ ಬುಡದಲ್ಲೇ ನಿಲ್ಲಬೇಕಾದೀತು.

ಜೊತೆಗೊಬ್ಬರು ಇರಲೇಬೇಕಾ?
ಇಲ್ಲ. ಅಂಗವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಪ್ರಯಾಣ ನಿರಾಕರಿಸುವಂತಿಲ್ಲ. ಪ್ರಯಾಣದ ನಡುವೆ ಆರೋಗ್ಯ ಹದಗೆಡಬಹುದು ಎನಿಸಿದರೆ, ವೈದ್ಯರಿಂದ ಪರೀಕ್ಷೆ ಮಾಡಿಸಿಯೇ ಸಂಸ್ಥೆ ತೀರ್ಮಾನಿಸಬೇಕು. 2022ರಲ್ಲಿ ಡಿಜಿಸಿಎ ಈ ನಿಯಮ ತಂದಿತು. ಆದರೆ ಊಟ ಮಾಡಿಸುವುದು, ಶೌಚಾಲಯದೊಳಗೆ ನೆರವಾಗುವುದು ವಿಮಾನ ಸಿಬ್ಬಂದಿಯ ಕೆಲಸವಲ್ಲ. ಅದು ಬೇಕಿದ್ದವರು ಒಂಟಿಯಾಗಿ ಹೊರಡುವ ಮುನ್ನ ಯೋಚಿಸಬೇಕು.

ಭಾಷೆಯ ಭಯ ಮಾತ್ರ ಇದ್ದರೆ?
ದಾರಿ ತೋರಿಸಲು ಸಿಬ್ಬಂದಿ ಜೊತೆಗೆ ಬರುವ "ಮೀಟ್ ಆ್ಯಂಡ್ ಅಸಿಸ್ಟ್" ಸೇವೆ ಇದೆಯೇ ಎಂದು ಸಂಸ್ಥೆಯನ್ನು ಕೇಳಿ. ಕೆಲವೆಡೆ ಇದಕ್ಕೆ ಶುಲ್ಕವಿರುತ್ತದೆ.

ಸಿಬ್ಬಂದಿ ಗೇಟ್ ಬಳಿ ಬಿಟ್ಟು ಬೇರೆಯವರನ್ನು ಕರೆತರಲು ಹೋಗುವುದುಂಟು. ಹಾಗಾಗಿ ಮಾತ್ರೆ, ಫೋನ್, ಚಾರ್ಜರ್, ಬೋರ್ಡಿಂಗ್ ಪಾಸ್ ಕೈಚೀಲದಲ್ಲೇ ಇರಲಿ. ಗೇಟ್ ಬದಲಾಗಿದೆಯೇ ಎಂದು ಮನೆಯವರೂ ಫೋನ್‌ನಲ್ಲಿ ಗಮನಿಸುತ್ತಿರಲಿ.

ಆ ಸಲಹೆ ಮತ್ತೆ ಗ್ರೂಪ್‌ಗೆ ಬಂದರೆ ಇಷ್ಟು ಸೇರಿಸಿ ಕಳಿಸಿ: ಬೇಕಾದವರು ಸಂಕೋಚವಿಲ್ಲದೆ ಮುಂಚೆಯೇ ಕೇಳಿ, ಬೇಡದವರು ಕುರ್ಚಿಯನ್ನು ಬೇಕಾದವರಿಗೆ ಬಿಡಿ.