ಗೋಡೆಯಾಚೆಯ ವೈಫೈ

ಸಂಜೆ ಏಳಾಯಿತೆಂದರೆ ತಿಪಟೂರಿನ ನಮ್ಮ ಮನೆಯಲ್ಲಿ ಮಗಳ ಆನ್‌ಲೈನ್ ಪಾಠ ತಡವರಿಸತೊಡಗುತ್ತಿತ್ತು. ಪಕ್ಕದ ಮನೆಯವರು ನಮ್ಮ ನೆಟ್ ಕದಿಯುತ್ತಿದ್ದಾರೆಂದು ನಮ್ಮತ್ತೆಗೆ ಗುಮಾನಿ. ಅವರೊಡನೆ ಮಾತನ್ನೇ ಬಿಟ್ಟಿದ್ದರು!

ಕಳ್ಳತನವಲ್ಲ ಮಕ್ಕಳೇ, ಇಕ್ಕಟ್ಟು. ಫೋನಿನ ಉಚಿತ ಆ್ಯಪಿನಲ್ಲಿ ನೋಡಿದೆ: ಅಕ್ಕಪಕ್ಕದ ಐದು ರೂಟರ್‌ಗಳೂ 6ನೇ ಚಾನೆಲ್‌ನಲ್ಲೇ ಇದ್ದವು. 2.4 ಗಿಗಾಹರ್ಟ್ಸ್‌ನಲ್ಲಿ ನಮಗೆ 13 ಚಾನೆಲ್‌ಗಳಿವೆ, ಆದರೆ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ವೈಫೈ ಚಾಚಿಕೊಳ್ಳುವುದು ಸುಮಾರು 20. ಮೂವತ್ತಡಿಗೊಂದು ನೆಡಬೇಕಾದ ತೆಂಗನ್ನು ಏಳೆಂಟಡಿಗೊಂದು ನೆಟ್ಟಂತೆ, ಗರಿಗೆ ಗರಿ ತಾಗುತ್ತದೆ. ತಾಗದಂತೆ ಬಳಸಲು 1, 6, 11 ಒಳ್ಳೆಯವು. ಒಂದೇ ಚಾನೆಲ್‌ನವರು ಸರದಿ ಕಾದಾದರೂ ಮಾತಾಡುತ್ತಾರೆ. ನಡುವಿನ 3ನ್ನೋ 4ನ್ನೋ ಹಿಡಿದವರಿಂದ ಎರಡೂ ಕಡೆಗೆ ಗದ್ದಲ.

ಪಕ್ಕದ ಮನೆಗೆ ಹೋಗಿ ಕೂತು ಮಾತಾಡಿದೆ. ಅವರು 1 ಇಟ್ಟುಕೊಂಡರು, ನಾವು 11. ಪಾಠದ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಹಾಕಿದೆವು. ಅದು ಗೋಡೆ ದಾಟುವಾಗ ಸೊರಗುತ್ತದೆ, ಹಾಗಾಗಿ ನೆರೆಯ ಕಾಟ ಕಡಿಮೆ. ಆದರೆ ರೂಟರ್ ಅದೇ ಕೋಣೆಯಲ್ಲಿದ್ದರೆ ಚೆಂದ. ಅತ್ತೆ ಮಾತು ಶುರುಮಾಡಲು ಇನ್ನೂ ಎರಡು ದಿನ ಬೇಕಾಯಿತು.

ಅಂದಹಾಗೆ, ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.4ರ ಆಸುಪಾಸಿನಲ್ಲೇ. ರೂಟರ್ ಅದರ ಪಕ್ಕ ಬೇಡ.