ಪಿನ್ನು ಕೂತರೆ ಸಾಲದು

ಕಳೆದ ದೀಪಾವಳಿಯ ಸಮಯದಲ್ಲಿ ರಟ್ಟೀಹಳ್ಳಿಯ ನಮ್ಮ ಓಣಿಯ ವೃದ್ಧೆಯೊಬ್ಬರು ಚೀಲವೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ಸುಟ್ಟ ವಾಸನೆ ಬೀರುತ್ತಿದ್ದ ವಿದ್ಯುತ್ ಕೆಟಲ್ ಇತ್ತು. ಅಮೆರಿಕದಲ್ಲಿರುವ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಅವ್ವನಿಗೆಂದು ಪ್ರೀತಿಯಿಂದ ತಂದುಕೊಟ್ಟದ್ದು.

“ಪಿನ್ನ ಚಲೋ ಕುಂತಿತ್ರಿ ಮಾಸ್ತರ. ಗುಂಡಿ ಒತ್ತಿದ ಕೂಡ್ಲೆ ಚಟ್ ಅಂತು. ಮಗಳಿಗೆ ಹೇಳಬ್ಯಾಡ್ರಿ, ಮನಸ್ಸಿಗೆ ಹಚ್ಕೋತಾಳ” ಎಂದರು.

ಹೆಸರು ಹೇಳುವುದಿಲ್ಲ. ಇಂತಹ ಮಗಳು ಒಬ್ಬಳೇ ಅಲ್ಲ; ಸುಟ್ಟ ಉಡುಗೊರೆಯನ್ನು ಅಟ್ಟದಲ್ಲಿ ಬಚ್ಚಿಡುವ ತಾಯಿಯೂ ಒಬ್ಬರೇ ಅಲ್ಲ. ಆದುದರಿಂದ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಮನೆಗಳ ಸಾಮಾನ್ಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜು ಸುಮಾರು ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟಾಗುವುದೆಂದು ತಿಳಿಯಬೇಡಿ. ರೋಧ ಅಷ್ಟೇ ಇದ್ದಾಗ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಲ್ಲಿ 1500 ವ್ಯಾಟ್ ಇದ್ದ ಕೆಟಲ್ ಇಲ್ಲಿ ಸುಮಾರು 5500 ವ್ಯಾಟ್ ಎಳೆಯಲು ಹೋಗುತ್ತದೆ. ಫ್ಯೂಸು ಹಾರಿದರೆ ಪುಣ್ಯ, ಹಾರದಿದ್ದರೆ ಬೆಂಕಿ.

ಅಂಗಡಿಯಲ್ಲಿ ಸಿಗುವ ಸಣ್ಣ ಅಡಾಪ್ಟರು ಪಿನ್ನಿನ ಆಕಾರವನ್ನಷ್ಟೇ ಹೊಂದಿಸುತ್ತದೆ, ವೋಲ್ಟೇಜನ್ನಲ್ಲ. ವೋಲ್ಟೇಜು ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಆದರೆ ಅದೂ ಆವೃತ್ತಿಯನ್ನು ಬದಲಿಸದು. ವಿದ್ಯುತ್ತಿನ ಆವೃತ್ತಿಯನ್ನೇ ನಂಬಿ ನಡೆಯುವ ಅಲ್ಲಿನ ಗಡಿಯಾರ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದುಳಿಯುತ್ತದೆ. ಕೆಲವು ಮೋಟಾರುಗಳು ನಿಧಾನವಾಗಿ ತಿರುಗಿ ಕಾಯುತ್ತವೆ. ಹಡಗುಗಳಲ್ಲಿ ಸಾಮಾನ್ಯವಾಗಿ 60 ಹರ್ಟ್ಸ್ ಇರುತ್ತದೆ. ಬಂದರಿನಲ್ಲಿ ದಡದ ವಿದ್ಯುತ್ತನ್ನು ಪಡೆಯುವ ಮುನ್ನ ವೋಲ್ಟೇಜು, ಆವೃತ್ತಿ ಎರಡನ್ನೂ ತಾಳೆ ನೋಡುತ್ತಾರೆ. ಹಡಗಿಗೆ ತೋರುವ ಎಚ್ಚರಿಕೆಯನ್ನು ಅವ್ವನ ಅಡುಗೆಮನೆಗೆ ತೋರಬಾರದೇಕೆ?

ಇನ್ನೊಂದು ಮಾತು. ನಮ್ಮ ಪ್ಲಗ್ಗಿನ ಮೂರನೆಯ ಪಿನ್ನು ದಪ್ಪವಾಗಿ, ಉದ್ದವಾಗಿ ಇರುವುದು ಅಲಂಕಾರಕ್ಕಲ್ಲ. ಅರ್ಥಿಂಗ್ ಎಲ್ಲಕ್ಕಿಂತ ಮೊದಲು ತಗಲಬೇಕು, ಕೊನೆಗೆ ಬಿಡಬೇಕು ಎಂಬ ಕಾರಣಕ್ಕೆ. ಎರಡೇ ಪಿನ್ನಿನ ಅಡಾಪ್ಟರು ಹಾಕಿದೊಡನೆ ಆ ರಕ್ಷಣೆ ತಪ್ಪುತ್ತದೆ. ಒದ್ದೆ ಕೈಯಲ್ಲಿ ಲೋಹದ ಪಾತ್ರೆ ಮುಟ್ಟುವವರು ಯಾರೆಂಬುದನ್ನು ನೆನೆಯಿರಿ.

ಆದುದರಿಂದ ನನ್ನ ಅಭಿಪ್ರಾಯ ಸರಳ. ಕೊಳ್ಳುವ ಮುನ್ನ ಉಪಕರಣವನ್ನು ಮಗುಚಿ ಅದರ ಹಿಂದಿನ ಬರಹ ಓದಿರಿ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ತರಬಹುದು. ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜರುಗಳು ಬಹುಮಟ್ಟಿಗೆ ಹೀಗಿರುತ್ತವೆ. ‘120 ವೋಲ್ಟ್’ ಎಂದಷ್ಟೇ ಇದ್ದರೆ ಅಲ್ಲೇ ಬಿಡಿ. ಕಾಯಿಸುವ, ಬೇಯಿಸುವ ಸಾಮಾನನ್ನು ಊರಿಗೆ ಬಂದ ಮೇಲೆ ಇಲ್ಲಿನ ಅಂಗಡಿಯಲ್ಲೇ ಕೊಡಿಸಿರಿ.

ತಪ್ಪು ನನ್ನದೂ ಇದೆ. ಓಮನ ನಿಯಮವನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಬಾರಿ ಬರೆದೆನೋ! ಲೆಕ್ಕ ಬಿಡಿಸಿದವರಿಗೆ ಪೂರ್ಣಾಂಕವನ್ನೂ ಕೊಟ್ಟೆ. ಆದರೆ ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಮಗುಚಿ ಓದಿಕೊಂಡು ಬನ್ನಿರೆಂದು ಒಂದು ದಿನವೂ ಹೇಳಲಿಲ್ಲ. ಆ ಮನೆಪಾಠವನ್ನು ಇಂದು ಕೊಡುತ್ತಿದ್ದೇನೆ. ಇಂದೇ ಊರಿಗೆ ಫೋನು ಮಾಡಿ, ನೀವು ಕಳಿಸಿದ ಸಾಮಾನು ನಡೆಯುತ್ತಿದೆಯೇ ಎಂದು ಅವ್ವನನ್ನು ಕೇಳಿರಿ. “ಹೂಂ, ಚಲೋ ಐತಿ” ಎಂದರೆ ತಕ್ಷಣ ನಂಬಬೇಡಿ.